ಐದನೇ ಲೋಟದ ನೀರು

ಬೇಸಿಗೆಯ ನಡು ಮಧ್ಯಾಹ್ನ ಚಿತ್ರದುರ್ಗದ ಬಂಡೆಗಳ ನಡುವೆ ನಡೆದು ಬಳಲಿದವನೊಬ್ಬ ಚಂದ್ರವಳ್ಳಿಯಲ್ಲಿ ನಿಮಗೆದುರಾದನೆಂದು ಭಾವಿಸಿರಿ. ನೀವು ಕೊಟ್ಟ ಮೊದಲ ಲೋಟದ ನೀರನ್ನು ಅವನು ಕಣ್ಣು ಮುಚ್ಚಿ ಕುಡಿಯುತ್ತಾನೆ. ಎರಡನೆಯದನ್ನು ಸಂತೋಷದಿಂದ, ಮೂರನೆಯದನ್ನು ನಿಮ್ಮ ಒತ್ತಾಯಕ್ಕೆ. ನಾಲ್ಕನೆಯದಕ್ಕೆ ಕೈ ಅಡ್ಡ ಹಿಡಿಯುತ್ತಾನೆ. ಐದನೆಯದನ್ನು ಕುಡಿಸಿದರೆ ಅದು ಉಪಚಾರವಲ್ಲ, ಹಿಂಸೆ. ನೀರು ಅದೇ, ಲೋಟವೂ ಅದೇ. ಬದಲಾದದ್ದು ಅವನ ದಾಹ.

ಪಿಯುಸಿ ಮಕ್ಕಳು ಇದನ್ನು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವೆಂದು ಬಾಯಿಪಾಠ ಮಾಡುತ್ತಾರೆ. ಜರ್ಮನಿಯ ಗೋಸೆನ್ 1854ರಲ್ಲಿ ಇದನ್ನು ಬರೆದಿಟ್ಟರು. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ವಿಸ್ತರಿಸಿದರು. ಒಂದೇ ವಸ್ತುವನ್ನು ಬಿಡುವಿಲ್ಲದೆ ಬಳಸುತ್ತ ಹೋದಂತೆ ಪ್ರತಿಯೊಂದು ಹೆಚ್ಚುವರಿ ಘಟಕದಿಂದ ದೊರೆಯುವ ತೃಪ್ತಿ ಕುಗ್ಗುತ್ತದೆ. ಒಟ್ಟು ತೃಪ್ತಿ ಒಂದು ಹಂತದವರೆಗೆ ಏರಿ, ನಿಂತು, ಬಳಿಕ ಇಳಿಯತೊಡಗುತ್ತದೆ.

ಉಪವಾಸಿಗನಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಮಗ್ರಿಬ್‌ನ ಅದಾನ್ ಕೇಳಿದಾಗ ಬಾಯಿಗಿಟ್ಟ ಮೊದಲ ಖರ್ಜೂರದ ರುಚಿ ಮೂರನೇ ತಟ್ಟೆಯ ಸಮೋಸಾದಲ್ಲಿ ಎಲ್ಲಿದೆ? ಆದರೂ ನಾವು ಮೂರನೇ ತಟ್ಟೆ ತುಂಬಿಸುತ್ತೇವೆ, ಅರ್ಧ ಚೆಲ್ಲುತ್ತೇವೆ. ಬೆನ್ನು ನೇರವಾಗಿ ನಿಲ್ಲಲು ಕೆಲವು ತುತ್ತುಗಳೇ ಸಾಕೆಂದೂ, ಅದಕ್ಕಿಂತ ಹೆಚ್ಚು ಬೇಕೇಬೇಕೆಂದಾದರೆ ಹೊಟ್ಟೆಯ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದೂ ಪ್ರವಾದಿವರ್ಯರು(ಸ) ಕಲಿಸಿದ್ದರು.

ಹೊಟ್ಟೆಯಾದರೂ ಒಮ್ಮೆ ಸಾಕೆನ್ನುತ್ತದೆ. ತಿಜೋರಿ ಸಾಕೆನ್ನುವುದನ್ನು ಯಾರಾದರೂ ಕೇಳಿದ್ದೀರಾ? ಲೋಭಕ್ಕೆ ಹಲವು ವೇಳೆ ತಣಿವಿಲ್ಲವೆಂಬುದನ್ನು ಮಾರ್ಷಲ್ ಕೂಡಾ ಗಮನಿಸಿದ್ದರು. ಹೆಚ್ಚಳದ ಪೈಪೋಟಿಯಲ್ಲಿ ಮೈಮರೆತವರನ್ನು ಎಚ್ಚರಿಸಲೆಂದೇ ಕುರ್‌ಆನಿನಲ್ಲಿ ಅತ್ತಕಾಸುರ್ ಎಂಬ ಅಧ್ಯಾಯವಿದೆ. ಚಂದ್ರವಳ್ಳಿಯ ಉತ್ಖನನದಲ್ಲಿ ರೋಮ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯ ದೊರೆತಿದೆ. ಸಮುದ್ರ ದಾಟಿ ಬಂದ ಆ ಹಣವನ್ನು ಎಷ್ಟು ಜನ ಎಣಿಸಿದರೋ! ಕೊನೆಗೆ ಅದು ಮಣ್ಣಿನಲ್ಲೇ ಉಳಿಯಿತು. ಅಲ್ಲಿಯದೇ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಕೆರೆಯ ವಿಷಯ.

ಈಗ ಆ ಐದನೇ ಲೋಟಕ್ಕೆ ಬರೋಣ. ಕುಡಿದವನಿಗೆ ಬೇಡವಾದ ಅದೇ ನೀರು, ಟ್ಯಾಂಕರಿನ ಸಾಲಿನಲ್ಲಿ ಖಾಲಿ ಕೊಡ ಹಿಡಿದು ನಿಂತವಳಿಗೆ ಮೊದಲ ಲೋಟ. ನೀರಿನ ಬೆಲೆ ಹೆಚ್ಚಿಸಲು ನೀವು ಮಾಡಬೇಕಾದದ್ದು ಕೈ ಬದಲಾಯಿಸುವುದಷ್ಟೇ. ನಿಸಾಬ್ ಮೀರಿ ವರ್ಷವಿಡೀ ನಮ್ಮಲ್ಲುಳಿದ ಸಂಪತ್ತಿನಿಂದ ಶೇಕಡಾ 2.5ರಷ್ಟು ಝಕಾತ್ ಕೊಡಬೇಕೆಂಬ ಆದೇಶವೂ ಹೀಗೆಯೇ, ತೃಪ್ತಿ ಸೋತ ಕಡೆಯಿಂದ ಹಸಿವು ಇರುವ ಕಡೆಗೆ. ಅದನ್ನು ದಂಡ ಕಟ್ಟುವವರಂತೆ ಗೊಣಗುತ್ತಾ ಕೊಡುವವರಿದ್ದಾರೆ. ತಮಗೆ ರುಚಿಸದ ಲೋಟಕ್ಕಾಗಿ ಇಷ್ಟೊಂದು ಸಂಕಟವೇಕೋ!

ಹೊಸದುರ್ಗದ ತೆಂಗಿನ ತೋಟವಿರಲಿ, ಹೊಳಲ್ಕೆರೆಯ ಅಡಿಕೆ ತೋಟವಿರಲಿ, ಮೂರನೇ ಕೊಳವೆಬಾವಿ ಕೊರೆಸುವ ಮುನ್ನ ಬೇಲಿಯಾಚೆಯವನ ಒಂದೇ ಬಾವಿಯನ್ನು ನೋಡಿ ಬನ್ನಿರಿ. ಮದೀನಾದಲ್ಲಿ ರೂಮಾ ಎಂಬ ಬಾವಿಯ ನೀರನ್ನು ಹಣಕ್ಕೆ ಮಾರಲಾಗುತ್ತಿತ್ತು. ಹಝ್ರತ್ ಉಸ್ಮಾನ್(ರ) ಅದನ್ನು ಸ್ವಂತ ಹಣದಿಂದ ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ಬಳಿಕ ಅವರ ಬಿಂದಿಗೆಯೂ ಇತರರ ಬಿಂದಿಗೆಗಳಂತೆಯೇ ಆ ಬಾವಿಗೆ ಇಳಿಯಿತು.