ಕರ್ತೃತ್ವವೂ ಅರ್ಪಣೆಯೂ



ಪರೀಕ್ಷೆಯ ಫಲಿತಾಂಶವೋ ನೌಕರಿಯ ಪತ್ರವೋ ಮನೆಗೆ ಬಂದ ದಿನ ನಾವಾಡುವ ಮಾತನ್ನು ಸ್ವಲ್ಪ ನೆನೆಯೋಣ. ಗೆದ್ದರೆ ‘ನಮ್ಮ ಬುದ್ಧಿಯ ಫಲ’ ಎನ್ನುತ್ತೇವೆ. ಸೋತರೆ ‘ಹಣೆಬರಹ’ ಎನ್ನುತ್ತೇವೆ. ಮೊದಲನೆಯದು ಅಹಂಕಾರ, ಎರಡನೆಯದು ಎಷ್ಟೋ ಸಲ ಭಕ್ತಿಯ ವೇಷ ತೊಟ್ಟ ಆಲಸ್ಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ ಎಂಬವರು 1966ರಲ್ಲಿ ಈ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಫಲವು ತಮ್ಮ ನಡತೆಯನ್ನು ಅನುಸರಿಸುವುದೆಂಬ ನಂಬಿಕೆ ಕೆಲವರಲ್ಲಿ ಹೆಚ್ಚು. ಅದೃಷ್ಟವೋ ಪ್ರಬಲರ ಕೈವಾಡವೋ ಕಾರಣವೆಂಬ ನಂಬಿಕೆ ಕೆಲವರಲ್ಲಿ ಹೆಚ್ಚು. ಮೊದಲನೆಯವರಲ್ಲಿ ಉದ್ಯೋಗದ ತೃಪ್ತಿಯೂ ದಕ್ಷತೆಯೂ ಸಾಮಾನ್ಯವಾಗಿ ಮಿಗಿಲೆಂದು ಅನಂತರದ ಸಂಶೋಧನೆಗಳು ತಿಳಿಸಿವೆ. ಹಾಗಾದರೆ ಸರ್ವವೂ ಹರಿಯ ಅಧೀನವೆಂದು ನಂಬುವ ನಮ್ಮ ಮಕ್ಕಳು ಹಿಂದೆ ಬೀಳಬೇಕೆ?

ಹಾಗಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದವು ಜೀವನಿಗೆ ಕರ್ತೃತ್ವವುಂಟೆಂದು ಮೊದಲು ಸಾಧಿಸಿ, ಅದು ಪರಮಾತ್ಮನ ಅಧೀನವೆಂದು ಆಮೇಲೆ ನಿರ್ಣಯಿಸುತ್ತದೆ. ಜೀವನು ಕರ್ತೃವೇ ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗಾಗಿ? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ. ನಮ್ಮದು ಅವನಿತ್ತ ಸ್ವಾತಂತ್ರ್ಯ. ಇತ್ತದ್ದೆಂದ ಮಾತ್ರಕ್ಕೆ ಅದು ಮಿಥ್ಯೆಯಲ್ಲ. ತಂದೆ ಕೊಟ್ಟ ಮೂಲಧನದಿಂದ ವ್ಯಾಪಾರ ಮಾಡುವ ಮಗನು ಅದು ತನ್ನದೆಂದು ಬೀಗುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟು ಮಲಗುವಂತೆಯೂ ಇಲ್ಲ. ಗೀತೆಯ 18ನೆಯ ಅಧ್ಯಾಯದಲ್ಲಿ ಕಾರ್ಯದ ಐದು ಕಾರಣಗಳನ್ನೆಣಿಸುವ ಭಗವಂತನು ದೈವದ ಜೊತೆಗೆ ಕರ್ತೃವನ್ನೂ ಚೇಷ್ಟೆಯನ್ನೂ ಎಣಿಸಿದ್ದಾನೆ. ದೈವವೊಂದನ್ನೇ ಹಿಡಿದು ಉಳಿದವನ್ನು ಬಿಡುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಈ ಅಪಚಾರವನ್ನು ನಾವೂ ಮಾಡಿದ್ದೇವೆ. ಸಂದರ್ಶನದಲ್ಲಿ ಆಯ್ಕೆಯಾಗದೆ ಬಂದ ಹುಡುಗನೊಬ್ಬನಿಗೆ ‘ನಿನ್ನ ಹಣೆಯಲ್ಲಿಲ್ಲ, ಬಿಡು’ ಎಂದು ಸಮಾಧಾನ ಹೇಳಿದೆವು. ಅವನು ಪುಸ್ತಕವನ್ನು ಮುಚ್ಚಿಟ್ಟನು. ಮತ್ತೆ ಬಹುಕಾಲ ತೆರೆಯಲಿಲ್ಲ. ಆ ಮಾತು ಅವನ ದುಃಖವನ್ನು ತೆಗೆಯಲಿಲ್ಲ, ಪ್ರಯತ್ನವನ್ನು ತೆಗೆಯಿತು. ‘ಎಲ್ಲಿ ತಪ್ಪಿತೋ ಕೂಡಿ ನೋಡೋಣ, ಫಲದ ಚಿಂತೆ ಕೃಷ್ಣನಿಗಿರಲಿ’ ಎನ್ನಬೇಕಾಗಿತ್ತು.

ನಿತ್ಯವೂ ನಾವು ಮಾಡುವ ಸಂಕಲ್ಪದಲ್ಲಿಯೇ ಈ ಪಾಠವಿದೆ. ವಿಷ್ಣುವಿನ ಪ್ರೇರಣೆಯಿಂದ, ವಿಷ್ಣುವಿನ ಪ್ರೀತಿಗಾಗಿ ಎಂದು ನುಡಿದು, ಕೊನೆಗೆ ‘ಮಾಡುತ್ತೇನೆ’ ಎನ್ನುತ್ತೇವೆ. ‘ಆದರೆ ಆಗಲಿ’ ಎಂದು ಸಂಕಲ್ಪಿಸುವವರಿಲ್ಲ. ಕರ್ಮ ಮುಗಿದೊಡನೆ ಅದನ್ನು ಕೃಷ್ಣನಿಗೆ ಅರ್ಪಿಸುತ್ತೇವೆ. ದೇವರ ಕೋಣೆಯ ಈ ಕ್ರಮವನ್ನೇ ಮಕ್ಕಳು ಓದಿನ ಮೇಜಿಗೂ ಕಚೇರಿಗೂ ಒಯ್ಯುವಂತೆ ನಾವು ಕಲಿಸಬೇಕು. ಆಗ ಗೆಲುವು ಬೀಗಿಸದು, ಸೋಲು ಕುಗ್ಗಿಸದು.

ಶ್ರೀಕೃಷ್ಣಾರ್ಪಣಮಸ್ತು.