ಕಟ್ಟು ಬಿಚ್ಚುವ ಕೈಗಳು

ಯೋಹಾನನ ಸುವಾರ್ತೆ 11ನೇ ಅಧ್ಯಾಯ ತೆಗೀರಿ.

ಲಾಜರನು ಸತ್ತು ನಾಲ್ಕು ದಿವಸ ಆಗಿತ್ತು. ಕರ್ತನು ಹೆಸರು ಹಿಡಿದು ಕರೆದನು, ಸತ್ತವನು ಎದ್ದು ಬಂದನು. ಹಲ್ಲೆಲೂಯಾ! ನಾವು ಅಲ್ಲಿಗೇ ಚಪ್ಪಾಳೆ ತಟ್ಟಿ ಮುಗಿಸಿಬಿಡ್ತೀವಿ. ಆದರೆ 44ನೇ ವಚನ ನೋಡ್ರಿ. ಅವನಿಗೆ ಜೀವ ಬಂದಿದೆ, ಕೈಕಾಲಿಗೆ ಮಾತ್ರ ಇನ್ನೂ ಬಟ್ಟೆ ಸುತ್ತಿದೆ. ಸಾವನ್ನೇ ಗೆದ್ದ ಕರ್ತನಿಗೆ ಒಂದು ಗಂಟು ಬಿಚ್ಚೋದು ಕಷ್ಟನಾ? ಆದರೂ ಆ ಕೆಲಸವನ್ನ ಸುತ್ತ ನಿಂತವರಿಗೆ ಒಪ್ಪಿಸಿದನು. ಲಾಜರ ತಾನೇ ಬಿಚ್ಚಿಕೊಳ್ಳೋಕೆ ಆಗ್ತಿರಲಿಲ್ಲ. ಅವನ ಕೈನೇ ಕಟ್ಟಿತ್ತಲ್ಲ!

ಪ್ರಿಯರೇ, ಇವತ್ತು ಕುಡಿತದ ಬಗ್ಗೆ ಮಾತಾಡ್ತೀನಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಹೋಯ್ತು, ಬಾಟಲಿ ಬಂತು. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನ ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಒಂದು ತಪ್ಪು ಒಪ್ಪಿಕೊಳ್ತೀನಿ. ಸುರಪುರದ ಕಡೆಯ ಒಬ್ಬ ತಮ್ಮ ನಮ್ಮ ಸಭೆಗೆ ಬರ್ತಿದ್ದ. ಪ್ರಾರ್ಥನೆ ಮಾಡಿದೆವು, ಬಿಟ್ಟ, ಮೈಕ್ ಹಿಡಿದು ಸಾಕ್ಷಿ ಹೇಳಿದ. ಮೂರು ವಾರಕ್ಕೆ ಮತ್ತೆ ಬಿದ್ದ. ಆಗ ನಾನು ಏನಂದೆ ಗೊತ್ತಾ? "ನಿನ್ನ ನಂಬಿಕೆ ಸಾಲದು ತಮ್ಮಾ." ಅಷ್ಟೇ. ಅವನು ಸಭೆಗೆ ಬರೋದೇ ಬಿಟ್ಟ. ಸಾಕ್ಷಿ ಹೇಳಿದ ಮೈಕ್ ಮುಂದೆ ಸೋಲು ಹೇಳೋದು ಹೇಗೆ? ಕಟ್ಟು ಬಿಚ್ಚಬೇಕಾದ ನಾನೇ ಇನ್ನೊಂದು ಸುತ್ತು ಬಿಗಿದಿದ್ದೆ.

ಆಮೇಲೆ ಅವನು ಗುಳೆ ಹೋದ, ಬೆಂಗಳೂರಿಗೆ, ಕಟ್ಟಡ ಕೆಲಸಕ್ಕೆ. ಒಂದು ರಾತ್ರಿ ಫೋನ್ ಬಂತು. "ಅಯ್ಯಾ, ಇಲ್ಲೊಂದು ಮೀಟಿಂಗ್ ಐತ್ರಿ. ಎದ್ದು ನಿಂತು ನನ್ನ ಹೆಸರು ಹೇಳ್ದೆ, ನಾನು ಕುಡುಕ ಅಂತ ಹೇಳ್ದೆ. ಯಾರೂ ನಗಲಿಲ್ರಿ." ಆ ಕೊನೇ ಮಾತಿಗೆ ನನಗೆ ಅಳು ಬಂತು.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅಂತಾರೆ. ಅದು ಶುರುವಾದ ಕಥೆ ಕೇಳ್ರಿ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ಬಿಲ್ ವಿಲ್ಸನ್ ಅನ್ನೋನು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತ್ತು. ಹೋಟೆಲ್‌ನಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಫೋನ್ ಕಡೆ ಹೋದ, ಚರ್ಚ್‌ಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ. ಹಾಗೇ ಒಬ್ಬರಿಂದ ಒಬ್ಬರಿಗೆ ದಾಟಿ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕರು. ಹದಿನೈದೇ ನಿಮಿಷ ಅಂತ ಬಂದ ಡಾಕ್ಟರ್ ಗಂಟೆಗಟ್ಟಲೆ ಕೂತರು. ಜೂನ್ 10ರ ನಂತರ ಅವರು ಕುಡಿಯಲಿಲ್ಲ. ಆ ಫೋನ್ ಎತ್ತಿದವನು ಒಬ್ಬ ಸಭಾಪಾಲಕ! ಅದೇ ಫೋನ್ ನನಗೆ ಬಂದಿದ್ರೆ? ನಿನಗೆ ಬಂದ್ರೆ?

ಅಲ್ಲಿ ಫೀಸ್ ಇಲ್ಲ. ಬಿಡಬೇಕು ಅನ್ನೋ ಆಸೆ ಒಂದಿದ್ರೆ ಸಾಕು. ಕೇಳಿದ್ದು ಅಲ್ಲೇ ಉಳೀಬೇಕು. "ಪಾಸ್ಟರ್, ಅಲ್ಲಿ ಯೇಸುವಿನ ಹೆಸರು ಹೇಳಲ್ಲವಲ್ಲ?" ಅಂತ ಕೇಳ್ತೀರಿ. ನಿಜ, ಅದು ಸಭೆ ಅಲ್ಲ. ಪ್ರತಿಯೊಬ್ಬನೂ ತಾನು ತಿಳಿದ ದೇವರ ಮೇಲೆ ಆತುಕೊಳ್ತಾನೆ. ನಿನ್ನನ್ನ ಕರೆದವನು ಯಾರು ಅಂತ ನಿನಗೆ ಗೊತ್ತಲ್ಲ? ಧೈರ್ಯವಾಗಿ ಹೋಗು. ಒಬ್ಬರ ತಪ್ಪನ್ನ ಒಬ್ಬರಿಗೆ ಅರಿಕೆ ಮಾಡಿರಿ ಅನ್ನೋ ಬುದ್ಧಿಮಾತು ಯಾಕೋಬನ ಪತ್ರಿಕೆ 5:16ರಲ್ಲೇ ಇದೆ. ನಾವು ಮಾಡದೆ ಬಿಟ್ಟಿದ್ದನ್ನ ಅವರು ಮಾಡ್ತಿದ್ದಾರೆ.

ಹುಡುಕೋದು ಹೇಗೆ? ಎಎ ಇಂಡಿಯಾ ವೆಬ್‌ಸೈಟ್ ನೋಡ್ರಿ. ಹತ್ತಿರ ಸಿಗದಿದ್ರೆ ಆನ್‌ಲೈನ್ ಮೀಟಿಂಗ್ ಇವೆ, ಇಯರ್‌ಫೋನ್ ಹಾಕಿ ರೂಮಿನಲ್ಲೇ ಕೂರಬಹುದು. ಶಹಾಪುರ ಬಸ್‌ಸ್ಟ್ಯಾಂಡ್‌ನಲ್ಲಿ ಎಲ್ಲರೂ ಗುರುತು ಹಿಡೀತಾರೆ ಅಂತ ನಾಚಿಕೆನಾ? ಬೇರೆ ಊರಿಗೆ ಹೋಗು, ತಪ್ಪೇನಿಲ್ಲ. 14446 ಸರ್ಕಾರದ ಉಚಿತ ಸಹಾಯವಾಣಿ. ಮನೆಯವರಿಗೆ ಅಲ್-ಅನಾನ್ ಅನ್ನೋ ಬೇರೆ ಗುಂಪುಗಳಿವೆ. ಅಪ್ಪ ಕುಡೀತಾರೆ ಅಂತ ಒಳಗೇ ಬೇಯ್ತಿರೋ ತಂಗೀ, ಅದು ನಿನಗೆ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಕೈ ನಡುಗ್ತದೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ರಿ. ಉಪವಾಸ ಪ್ರಾರ್ಥನೆ ಮಾಡೋಣ, ಆಸ್ಪತ್ರೆಯ ಬಾಗಿಲಲ್ಲೇ ನಿಂತು ಮಾಡೋಣ.

ಆ ತಮ್ಮ ಆಮೇಲೂ ಒಮ್ಮೆ ಬಿದ್ದ. ಮರುದಿನ ಮತ್ತೆ ಮೀಟಿಂಗ್‌ಗೆ ಹೋದ. ಈಗ ದಿನಾ ಎಣಿಸ್ತಾನೆ, "ಇವತ್ತೊಂದು ದಿನ ಅಯ್ಯಾ" ಅಂತಾನೆ. ನಾನು ಅವನ ಹತ್ತಿರ ಕ್ಷಮೆ ಕೇಳಿದ್ದೀನಿ.

ಇವತ್ತು ಯಾರನ್ನೂ ಮುಂದೆ ಬನ್ನಿ ಅಂತ ಕರೆಯೋದಿಲ್ಲ. ಕೂತಲ್ಲೇ ಕಣ್ಣು ಮುಚ್ಚಿರಿ. ಆರಾಧನೆ ಮುಗಿದ ಮೇಲೆ ಒಂದು ಫೋನ್ ಮಾಡ್ರಿ. ಒಬ್ಬರೇ ಹೋಗೋಕೆ ಭಯ ಆದ್ರೆ ನಾನು ಜೊತೆಗೆ ಬರ್ತೀನಿ, ಹೊರಗೆ ಕಾಯ್ತೀನಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನೀನು ಎಬ್ಬಿಸಿದವರ ಕಟ್ಟು ಬಿಚ್ಚುವ ಕೈಗಳನ್ನು ನಮಗೆ ಕೊಡು. ಬಿದ್ದವನ ಮುಂದೆ ನಮ್ಮ ಬಾಯಿಗೆ ಕಾವಲಿಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.