ಮಾರುವವ ಎಲ್ಲಿ ಕೂರಬೇಕು?

ತುಳಸಿಗೇರಿ ಹನುಮಪ್ಪನ ಜಾತ್ರೆಯಲ್ಲಿ ಯಾರು ಭಕ್ತರು, ಯಾರು ವ್ಯಾಪಾರಿಗಳು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮಾರುವವನು ಗೋಣಿಚೀಲವನ್ನೋ ತಾಡಪತ್ರಿಯನ್ನೋ ಹಾಸಿ ಕೂತಿರುತ್ತಾನೆ. ಬಳೆ, ಪೀಪಿ, ಬೆಂಡು ಬತ್ತಾಸು, ಸ್ಟೀಲಿನ ಪಾತ್ರೆ. ಅವನೂ ಬೆಳಿಗ್ಗೆ ಹನುಮಪ್ಪನಿಗೆ ಕೈಮುಗಿದೇ ಬಂದಿರುತ್ತಾನೆ, ಅವನ ಭಕ್ತಿ ನನ್ನದಕ್ಕಿಂತ ಕಡಿಮೆಯದೇನಲ್ಲ. ಆದರೆ ಅವನು "ಬರ್ರಿ ಅಣ್ಣಾರ, ಭಾಳ ಛಲೋ ಅದಾವು" ಎಂದರೆ ಆ 'ಛಲೋ'ಗೆ ಎಷ್ಟು ತೂಕ ಕೊಡಬೇಕೆಂದು ನನಗೆ ಗೊತ್ತಿರುತ್ತದೆ. ಅದೇ ಮಾತನ್ನು ದರ್ಶನದ ಸಾಲಿನಲ್ಲಿ ನನ್ನ ಮುಂದೆ ಕಾಯಿ ಹಿಡಿದು ನಿಂತವರು ಹೇಳಿದರೆ ತೂಕವೇ ಬೇರೆ.

ಆ ಗೋಣಿಚೀಲ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದು ನನಗೆ ತಿಳಿದದ್ದು, ಅದನ್ನು ಹಾಸದೆ ಒಂದು ಸಾಫ್ಟ್‌ವೇರ್ ಮಾರಿದ ಮೇಲೆ.

ನನ್ನ ಊರು ತುಳಸಿಗೇರಿ, ತಾಯಿಯ ತವರು ಇಳಕಲ್. ಸೋದರಮಾವನ ಕೈಕೆಳಗೆ ಒಂದಷ್ಟು ಮಗ್ಗಗಳಿವೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಂದೇ ಉದ್ದ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ನೇಯ್ದು ಕತ್ತರಿಸುತ್ತ ಹೋಗುವ ಹಾಗಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ. ಲೆಕ್ಕವೂ ಹಾಗೆಯೇ: ಯಾರಿಗೆ ಎಷ್ಟು ರೇಷ್ಮೆ ಕೊಟ್ಟೆ, ಎಷ್ಟು ಹತ್ತಿ ನೂಲು ಕೊಟ್ಟೆ, ಯಾವ ದಡಿಯ ಸೀರೆ ಬಂತು, ಮಜೂರಿ ಎಷ್ಟು, ಅದರಲ್ಲಿ ಹಿಂದಿನ ಮುಂಗಡ ಎಷ್ಟು ಮುರಿದುಕೊಳ್ಳಬೇಕು. ಮಾವ ಇದನ್ನೆಲ್ಲ ಕೆಂಪು ಬಟ್ಟೆಯ ಕೀರ್ದಿಯಲ್ಲಿ ಬರೆಯುತ್ತಿದ್ದ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ಯಾಲಿ ಇಂದು ನಮ್ಮ ಸಣ್ಣ ಊರುಗಳ ಅಂಗಡಿಗಳಿಗೂ ಬಂದಿದೆ, ಆದರೆ ಅದು ಅಂಗಡಿಯ ಲೆಕ್ಕಕ್ಕೆ ಹುಟ್ಟಿದ್ದು, ಮಗ್ಗದ ಲೆಕ್ಕಕ್ಕಲ್ಲ. ನಾನು ಮಾವನಿಗಾಗಿ ಫೋನಿನಲ್ಲಿ ನಡೆಯುವ ಒಂದು ಸಣ್ಣ ಆ್ಯಪ್ ಬರೆದೆ. ಅವನಿಗೆ ಹಿಡಿಸಿತು. ಬೇರೆ ಮಾಲೀಕರಿಗೂ ಬೇಕಾಗಬಹುದು ಅನ್ನಿಸಿ ವರ್ಷಕ್ಕೆ 900 ರೂಪಾಯಿ ಬೆಲೆ ಇಟ್ಟೆ.

ಮಾರುವುದು ಹೇಗೆ? ಇಂಥ ಸರಕಿನ ಗಿರಾಕಿಗಳೇ ಕಡಿಮೆ, ಅವರೂ ಒಂದೆರಡು ಊರಿನವರು. ಜಾಹೀರಾತಿಗೆ ಸುರಿದ ಹಣ ಹುಟ್ಟುವುದಿಲ್ಲ. ನಮ್ಮ ಕಸುಬಿನವರು ಇದಕ್ಕೆ ಹೇಳುವ ಮದ್ದು ಒಂದೇ, 'ಕಮ್ಯುನಿಟಿ ಮಾರ್ಕೆಟಿಂಗ್'. ನಿನ್ನ ಗಿರಾಕಿಗಳು ಎಲ್ಲಿ ಕೂಡಿ ಮಾತಾಡುತ್ತಾರೋ ಆ ಗುಂಪಿಗೆ ಸೇರು. ಮೊದಲೇ ಮಾರಬೇಡ. ಪ್ರಶ್ನೆ ಕೇಳಿದವರಿಗೆ ಉತ್ತರಿಸು, ಬೇಕಾದವನಾಗು. ನಂಬಿಕೆ ಹುಟ್ಟಿದ ಮೇಲೆ ನಿನ್ನ ಸರಕಿನ ಮಾತು ತಾನಾಗಿ ಬರುತ್ತದೆ.

ಹಾಗೆ ಮಾವನ ಮಗನ ಕೈಯಿಂದ ಮಗ್ಗದವರ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಕೊಂಡೆ. ಮಾಲೀಕರೂ ನೇಕಾರರೂ ಇಬ್ಬರೂ ಇದ್ದ ಗುಂಪು. ಮೂರು ತಿಂಗಳು ಏನೂ ಮಾರಲಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರವನ್ನು ಯುನಿಕೋಡ್‌ಗೆ ಬದಲಿಸಿಕೊಟ್ಟೆ, ಜಿಎಸ್‌ಟಿ ಬಿಲ್ಲಿನ ನಮೂನೆ ಮಾಡಿಕೊಟ್ಟೆ, ಫೋನ್ ತುಂಬಿ ಫೋಟೋ ಬರುತ್ತಿಲ್ಲ ಎಂದವರಿಗೆ ರಾತ್ರಿ ಹತ್ತಕ್ಕೆ ದಾರಿ ಹೇಳಿದೆ. ಹಿರಿಯರೊಬ್ಬರು, ನಾನು ಕಾಕಾ ಎನ್ನುತ್ತಿದ್ದೆ, ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಒಂದು ಮುಂಜಾನೆ ಮಾವನ ಮಗನಿಂದ ಒಂದು ಸಂದೇಶ ಹಾಕಿಸಿದೆ: "ಮಜೂರಿ ಲೆಕ್ಕಕ್ಕ ಯಾವುದರೆ ಛಲೋ ಆ್ಯಪ್ ಐತೇನ್ರಿ?" ಅರ್ಧ ತಾಸು ಬಿಟ್ಟು ನಾನೇ ಉತ್ತರಿಸಿದೆ, ಹೀಗೊಂದಿದೆ, ನೋಡಿದ್ದೇನೆ, ಚೆನ್ನಾಗಿದೆ. ಆ ವಾರ ಹನ್ನೊಂದು ಜನ ತೆಗೆದುಕೊಂಡರು. ಕಾಕಾ ಫೋನ್ ಮಾಡಿ "ಯಾರ ಮಾಡಿದ್ದಪಾ ಇದು?" ಎಂದಾಗ "ನಮ್ಮ ಗೆಳೆಯ ಒಬ್ಬಾಂವ ಮಾಡ್ಯಾನ್ರಿ" ಎಂದೆ.

ಕೆಲವು ತಿಂಗಳ ಮೇಲೆ ಒಂದು ಶನಿವಾರ ಕಾಕಾ ಮನೆಯವರೊಂದಿಗೆ ಹನುಮಪ್ಪನ ದರ್ಶನಕ್ಕೆ ಬಂದರು. ಮನೆಗೆ ಕರೆದೆ. ಚಹಾ ಕೊಡುತ್ತ ಅವ್ವ ಹೆಮ್ಮೆಯಿಂದ ಹೇಳಿಬಿಟ್ಟಳು, "ಆ ಲೆಕ್ಕದ್ದು ಅಂತೀರಲ್ರಿ, ಅದನ್ನ ನಮ್ಮ ಹುಡುಗನ ಮಾಡ್ಯಾನ." ಕಾಕಾ ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ. "ಹಂಗಾದ್ರ ಅವತ್ತ ಹೇಳಬೇಕಿತ್ತಲ್ಲಪಾ," ಎಂದರು. "ನಮ್ಮ ಹುಡುಗ ಮಾಡ್ಯಾನಂದ್ರ ಇನ್ನೂ ಲಗೂ ತಗೋತಿದ್ದೆ."

ಅವತ್ತಿನಿಂದ ಅವರು ಗುಂಪಿನಲ್ಲಿ ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನನ್ನ ಪರವಾಗಿ ನಾನು ಹೂಡಿಕೊಂಡ ವಾದಗಳು ಬಹಳ. ಆ್ಯಪ್ ನಿಜಕ್ಕೂ ಚೆನ್ನಾಗಿತ್ತು, ಬೆಲೆ ಹೆಚ್ಚಲ್ಲ, ಯಾರಿಗೂ ನಷ್ಟವಾಗಲಿಲ್ಲ, ಹಾಗಿದ್ದರೆ ಯಾರ ಮನೆ ಮುಳುಗಿತು? ಆದರೆ ನಾನು ಕೆಡಿಸಿದ್ದು ಅವರ 900 ರೂಪಾಯಿಯನ್ನಲ್ಲ. ಆ ಗುಂಪಿನಲ್ಲಿ ಯಾರಾದರೂ 'ಯಾವುದು ಚೆನ್ನಾಗಿದೆ' ಎಂದು ಕೇಳಿದರೆ ಅದು ಪ್ರಶ್ನೆಯೇ ಆಗಿರುತ್ತಿತ್ತು. ಇನ್ನು ಕಾಕಾನಿಗಾದರೂ ಅದು ಪ್ರಶ್ನೆಯೋ ಜಾಹೀರಾತೋ ಎಂಬ ಗುಮಾನಿ. ಹುಸಿ ಪ್ರಶ್ನೆ ಹಾಕಿಸಿದ್ದು ಸುಳ್ಳು. ಅದರ ಬಗ್ಗೆ ಹೆಚ್ಚು ಯೋಚಿಸಬೇಕಾದ್ದೇನೂ ಇಲ್ಲ. ನನ್ನನ್ನು ಕಾಡಿದ್ದು ಅದಕ್ಕೂ ಹಿಂದಿನ ಮೂರು ತಿಂಗಳು. ರಾತ್ರಿ ಹತ್ತಕ್ಕೆ ಮಾಡಿದ ಆ ಸಹಾಯಗಳು ಏನಾದವು? ಅವೂ ಸುಳ್ಳೇ?

ತತ್ವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಕಾಂಟ್‌ನ ಅಂಗಡಿಯವನು ಗೊತ್ತಿರುತ್ತಾನೆ. 1785ರ ಅವನ ಪುಸ್ತಕದಲ್ಲಿ ಬರುವ ಈ ವ್ಯಾಪಾರಿ ಚಿಕ್ಕ ಹುಡುಗ ಬಂದರೂ ದೊಡ್ಡವರಿಗೆ ಹೇಳಿದ ಬೆಲೆಯನ್ನೇ ಹೇಳುತ್ತಾನೆ, ಮೋಸ ಮಾಡುವುದಿಲ್ಲ. ಆದರೆ ಹಾಗೆ ಮಾಡುವುದು ವ್ಯಾಪಾರ ಕುದುರಲಿ ಎಂದಾದರೆ, ಕೆಲಸ ಸರಿಯಾಗಿದ್ದರೂ ಅದಕ್ಕೆ ನೈತಿಕ ಬೆಲೆಯಿಲ್ಲ ಎನ್ನುತ್ತಾನೆ ಕಾಂಟ್. ಈ ಮಾತನ್ನು ಒಪ್ಪಿದರೆ ನನ್ನ ಮೂರು ತಿಂಗಳು ಪೂರ್ತಿ ಸೊನ್ನೆ. ಒಪ್ಪಲು ಮನಸ್ಸು ಬಾರದೆ ಮಾವನನ್ನು ಕೇಳೋಣವೆಂದು ಇಳಕಲ್ಲಿಗೆ ಹೊರಟೆ.

ದಾರಿಯಲ್ಲಿ ಬಸ್ಸು ಅಮೀನಗಡದಲ್ಲಿ ನಿಂತಿತು. ಕರದಂಟು ಕೊಳ್ಳದೆ ಅಲ್ಲಿಂದ ಮುಂದೆ ಹೋಗುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಐಹೊಳೆ ಅಲ್ಲಿಂದ ದೂರವಿಲ್ಲ. ಐಹೊಳೆಯನ್ನು ನಾವು ಗುಡಿಗಳಿಗಾಗಿ ನೆನೆಯುತ್ತೇವೆ, ಆದರೆ ಮಧ್ಯಕಾಲದ ದಕ್ಷಿಣ ಭಾರತದ ದೊಡ್ಡ ವರ್ತಕರ ಸಂಘ 'ಅಯ್ಯಾವೊಳೆ ಐನೂರ್ವರು' ಹೊತ್ತದ್ದು ಈ ಊರಿನ ಹೆಸರನ್ನೇ. ಅವರ ವ್ಯಾಪಾರ ಕಡಲು ದಾಟಿತ್ತು. ಸುಮಾತ್ರದ ಬಾರುಸ್ ಬಳಿ ಅವರ ತಮಿಳು ಶಾಸನವೊಂದು ಸಿಕ್ಕಿದೆ, ಕಾಲ 1088. ಗುಡಿಗಳಿಗೆ ದಾನ ಕೊಟ್ಟರು, ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದರು. ತಮ್ಮ ಶಾಸನಗಳ ಪ್ರಶಸ್ತಿಗಳಲ್ಲಿ ತಮ್ಮನ್ನು ಸತ್ಯವಂತರು, ವಿನಯವಂತರು ಎಂದೆಲ್ಲ ಹೊಗಳಿಕೊಂಡಿದ್ದಾರೆ. ವಿನಯವಂತರೆಂದು ತಾವೇ ಕಲ್ಲಿನಲ್ಲಿ ಕೆತ್ತಿಸಿಕೊಂಡವರು! ನಗು ಬರುತ್ತದೆ. ಆದರೂ ಓದಿದವರಿಗೆ ಇದು ಯಾರ ಹೊಗಳಿಕೆ, ಯಾರು ಹೇಳಿಸಿದ್ದು ಎಂಬುದರಲ್ಲಿ ಗೊಂದಲವಿರಲಿಲ್ಲ. ದಾನದ ಹಿಂದೆ ವ್ಯಾಪಾರವೂ ಇತ್ತು, ಎರಡೂ ಒಂದೇ ಕಲ್ಲಿನ ಮೇಲಿದ್ದವು.

ಹತ್ತಿರದ ಕಾಲದ ಉದಾಹರಣೆ ಬೇಕಾದರೆ 'ಬರಹ' ಇದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅದನ್ನು ಹೊರತಂದು ಉಚಿತವಾಗಿ ಕೊಟ್ಟರು. ಕನ್ನಡದಲ್ಲಿ ಟೈಪ್ ಮಾಡಬೇಕೆಂದವರು ಒಬ್ಬರಿಗೊಬ್ಬರು ಹೇಳಿಯೇ ಅದು ಹಬ್ಬಿತು. ಮುಂದಿನ ಆವೃತ್ತಿಗಳಿಗೆ ಅವರು ಬೆಲೆ ಇಟ್ಟರು. ಇಟ್ಟರೆ ತಪ್ಪೇನು? ಕೊಟ್ಟಾಗಲೂ ಮಾರಿದಾಗಲೂ ಅದು ಯಾರದೆಂದು ಬಳಸುವವರಿಗೆ ಗೊತ್ತಿತ್ತು. ಬೆಲೆ ಹೆಚ್ಚಾಯಿತು ಎಂದು ಗೊಣಗುವುದಕ್ಕಾದರೂ ಎದುರಿಗೊಂದು ಹೆಸರಿತ್ತು. ನನ್ನ ಗಿರಾಕಿಗಳಿಗೆ ಆ ಗೊಣಗುವ ಹಕ್ಕನ್ನೂ ನಾನು ಕೊಟ್ಟಿರಲಿಲ್ಲ. ಆ್ಯಪಿನಲ್ಲಿ ಏನಾದರೂ ಕೆಟ್ಟರೆ ನನ್ನ ಬಳಿಯೇ ನನ್ನ 'ಗೆಳೆಯ'ನನ್ನು ಬೈಯುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಮಾವ ನನ್ನ ಕಥೆಯನ್ನೆಲ್ಲ ಕೇಳಿ ಕಾಂಟ್‌ನನ್ನು ಒಂದೇ ಮಾತಿನಲ್ಲಿ ಮುಗಿಸಿದ. "ನಮ್ಮ ಅಂಗಡಿಗೆ ಬಂದವ್ರಿಗೆ ಮೊದ್ಲ ಚಹಾ ಕೊಡ್ತೀವಿ. ಸೀರಿ ತಗೊಳ್ಳಲಿ ಅಂತನ ಕೊಡ್ತೀವಿ. ಹಂಗಂತ ಅದು ಚಹಾ ಅಲ್ಲೇನು?" ಅವನ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರುವವರಿದ್ದಾರೆ. ಅವರ ಮಕ್ಕಳ ಮದುವೆಗೆ ಮಾವ ಹೋಗುತ್ತಾನೆ, ಸತ್ತರೆ ಮಣ್ಣಿಗೂ ಹೋಗುತ್ತಾನೆ. ಲಾಭಕ್ಕೆಂದು ಶುರುವಾದದ್ದು ಲಾಭದಲ್ಲೇ ಮುಗಿಯಬೇಕೆಂದಿಲ್ಲ. ಉದ್ದೇಶ ಇರುವುದೇ ತಪ್ಪಾಗಿದ್ದರೆ ಜಗತ್ತಿನಲ್ಲಿ ಯಾರೂ ಯಾರಿಗೂ ಚಹಾ ಕೊಡುವಂತಿಲ್ಲ. ಅಂಗಡಿಯ ಚಹಾ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟೇ. ನಾನು ಅದನ್ನು ಕಂಡವರ ಮನೆಯ ಅಡಿಗೆಮನೆಗೆ ಹೊಕ್ಕು, ಮನೆಯವನಂತೆ ಕುದಿಸಿ ಕೊಟ್ಟಿದ್ದೆ.

ಅಲ್ಲಿಗೆ ಸಮಾಧಾನವಾಗಬೇಕಿತ್ತು. ಹೆಸರು ಹೇಳಿ ಸಹಾಯ ಮಾಡಿದರೆ ಸರಿ, ಮುಚ್ಚಿಟ್ಟು ಮಾಡಿದರೆ ತಪ್ಪು. ಅವತ್ತೇ ರಾತ್ರಿ ಗುಂಪಿನಲ್ಲಿ ನಿಜ ಬರೆದೆ: ಆ್ಯಪ್ ನನ್ನದು, ಅವತ್ತಿನ ಪ್ರಶ್ನೆಯನ್ನು ಹಾಕಿಸಿದವನೂ ನಾನೇ, ಹಣ ವಾಪಸ್ ಬೇಕಾದವರು ಹೇಳಿ. ಯಾರೂ ಕೇಳಲಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಒಬ್ಬರು ಗುಂಪು ಬಿಟ್ಟರು, ಇನ್ನೊಬ್ಬರು ಮುಂದಿನ ವರ್ಷ ನೂರು ರೂಪಾಯಿ ಕಡಿಮೆ ಮಾಡುತ್ತೀಯೇನು ಎಂದರು. ಮರುದಿನ ಗುಂಪಿನ ಅಡ್ಮಿನ್ ಒಂದು ಕಟ್ಟಳೆ ಮಾಡಿದರು: ಮಾರುವ ಮಾತೇನಿದ್ದರೂ ಭಾನುವಾರ ಮಾತ್ರ, ಹೆಸರು ಹಾಕಿ. ಅಂದರೆ ಗೋಣಿಚೀಲ ಹಾಸಲು ಒಂದು ಜಾಗ ಗೊತ್ತುಮಾಡಿದರು.

ಆದರೆ ಆ ಸಂದೇಶ ಬರೆಯುವ ಮುನ್ನ, ನಾನು ಯಾರಿಗೆಲ್ಲ ಸಹಾಯ ಮಾಡಿದ್ದೆ ಎಂದು ನೋಡಿಕೊಳ್ಳಲು ಹಿಂದಿನ ಸಂದೇಶಗಳನ್ನು ತಿರುವಿಹಾಕಿದ್ದೆ. ಒಳಗೊಳಗೆ ಹೆಮ್ಮೆಪಡಲಿಕ್ಕೇ ಇರಬೇಕು. ಆಗ ಕಂಡದ್ದು ನಾನು ಉತ್ತರಿಸದ ಪ್ರಶ್ನೆಗಳು. ಮಾಲೀಕರು ಕೇಳಿದ್ದಕ್ಕೆಲ್ಲ ನಿಮಿಷಗಳಲ್ಲಿ ಉತ್ತರ ಹೋಗಿತ್ತು. ಕೂಲಿಗೆ ನೇಯುವವರು ಕೇಳಿದ್ದು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಮಗಳ ಸ್ಕಾಲರ್‌ಶಿಪ್ ಅರ್ಜಿ ತೆರೆಯುತ್ತಿಲ್ಲ ಎಂಬಂಥವು, ಹೆಚ್ಚಿನವು ಹಾಗೇ ಬಿದ್ದಿದ್ದವು. ಬೇಕೆಂದು ಬಿಟ್ಟದ್ದಲ್ಲ. ಬೆರಳು ತಾನಾಗಿ ದಾಟಿಕೊಂಡು ಹೋಗಿತ್ತು. ಅವರು ಆ್ಯಪ್ ಕೊಳ್ಳುವವರಲ್ಲವಲ್ಲ. ಹಾಸನ್ನು ಹಾಸಿ ಕೂತಿದ್ದರೂ ಈ ತಪ್ಪು ನಡೆಯುತ್ತಿತ್ತು. ಕಾಂಟ್ ಹುಡುಕಿದ ಉದ್ದೇಶ ನಾನು ಮಾಡಿದ ಸಹಾಯದಲ್ಲಿ ಕಾಣುತ್ತಿರಲಿಲ್ಲ, ಮಾಡದೆ ಬಿಟ್ಟದ್ದರಲ್ಲಿ ಸ್ಪಷ್ಟವಾಗಿತ್ತು.

ಅವುಗಳ ನಡುವೆ, ನನ್ನ ಆ್ಯಪಿನ ಮಾತು ಬಂದ ವಾರವೇ, ಒಬ್ಬ ನೇಕಾರ ಕೇಳಿದ್ದ: "ಅದರಾಗ ನಮ್ಮ ಲೆಕ್ಕ ನಮಗೂ ಕಾಣ್ತೈತೇನ್ರಿ?"

ಆ ಪ್ರಶ್ನೆಗೆ ಯಾರೂ ಉತ್ತರಿಸಿರಲಿಲ್ಲ. ಕಾಣುತ್ತಿರಲಿಲ್ಲ. ಯಾರಿಗೆ ಎಷ್ಟು ಮುಂಗಡ ಉಳಿದಿದೆ, ಈ ಸೀರೆಯ ಮಜೂರಿಯಲ್ಲಿ ಎಷ್ಟು ಮುರಿದುಕೊಂಡರು ಎಂಬುದು ಮಾಲೀಕನ ಫೋನಿನಲ್ಲಷ್ಟೇ ಇತ್ತು. ಕೆಂಪು ಕೀರ್ದಿಯಾದರೂ ಮಾವನ ಗದ್ದಿಗೆಯ ಮೇಲೆ ಬಿದ್ದಿರುತ್ತಿತ್ತು, ನೇಕಾರರು ಬಗ್ಗಿ ನೋಡಬಹುದಿತ್ತು. ನಾನು ಅದಕ್ಕೂ ಬೀಗ ಹಾಕಿ, ನಾಲ್ಕಂಕಿಯ ಪಿನ್ ಕೊಟ್ಟು, ಅದನ್ನೇ ಅನುಕೂಲವೆಂದು ಮಾರಿದ್ದೆ.

ನಿಜ ಬರೆದ ಸಂದೇಶದ ಕೆಳಗೆ ಅವನ ಪ್ರಶ್ನೆಗೂ ಉತ್ತರ ಬರೆದೆ: ಸದ್ಯ ಕಾಣುವುದಿಲ್ಲ, ಕಾಣುವ ಹಾಗೆ ಮಾಡುತ್ತೇನೆ. ಬೆಳಗಾಗುವುದರೊಳಗೆ ಇಬ್ಬರು ಮಾಲೀಕರ ಫೋನ್ ಬಂತು. "ಅವ್ರಿಗ್ಯಾಕ ಬೇಕ್ರಿ ಅದು?" ಎಂದರು ಒಬ್ಬರು. ಹಿಂದಿನ ದಿನ ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದ್ದ ಮಾವನೂ ಮುಖ ಗಂಟಿಕ್ಕಿದ. ಮನೆಯೊಳಗಿನ ಲೆಕ್ಕ ಬೀದಿಗೆ ಯಾಕೆ ಎಂಬುದು ಅವನ ಮಾತು. ಲೆಕ್ಕ ಯಾರ ಮನೆಯೊಳಗಿನದು ಎಂದು ನಾನು ಕೇಳಲಿಲ್ಲ, ಅವನ ಮನೆಯಲ್ಲಿ ಉಣ್ಣುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಅದನ್ನು ಬರೆದು ಮುಗಿಸಿದೆ. ಮಾಲೀಕ ಒಪ್ಪಿದರೆ, ಸೀರೆ ಒಪ್ಪಿಸಿದ ಕೂಡಲೇ ನೇಕಾರನ ಫೋನಿಗೆ ಲೆಕ್ಕ ಹೋಗುತ್ತದೆ: ನೂಲು ಇಷ್ಟು, ಮಜೂರಿ ಇಷ್ಟು, ಮುರಿದದ್ದು ಇಷ್ಟು, ಬಾಕಿ ಇಷ್ಟು. ಭಾನುವಾರ, ನನ್ನ ಹೆಸರು ಹಾಕಿಯೇ, ಗುಂಪಿಗೆ ತಿಳಿಸಿದೆ. ಹನ್ನೊಂದು ಜನರಲ್ಲಿ ನಾಲ್ವರು ಅದನ್ನು ತೆರೆದಿದ್ದಾರೆ. ಮಾವ ಇನ್ನೂ ತೆರೆದಿಲ್ಲ. ಕಾಕಾ ತೆರೆದಿದ್ದಾರೆ, ಆದರೆ ಅದು ಹೇಗೆಂದು ನನ್ನನ್ನು ಕೇಳಲಿಲ್ಲ, ಮೊಮ್ಮಗಳಿಂದ ಮಾಡಿಸಿಕೊಂಡರಂತೆ.